ಕಾಲಿಗೆ ಚಿನ್ನ

ಸಿಸ್ಟರ್ ತೀರಿಹೋದ ವಾರ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಶ್ರದ್ಧಾಂಜಲಿ ಬಂತು. ಉರಿಯುವ ದೀಪದ ಚಿತ್ರ, ಅದರ ಕೆಳಗೆ 'ರಾಜವಂಶದ ಕುಡಿ ಇನ್ನಿಲ್ಲ' ಎಂಬ ಸಾಲು. ಅವರೇ ಓದಿದ್ದರೆ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡು, "ಇದನ್ನ ಬರದಾಂವ ಯಾರು? ಅವನ ಕಾಲು ತೋರಸ್ರಿ, ನೋಡೂಣು" ಎಂದು ಸುಮ್ಮನಾಗುತ್ತಿದ್ದರು. ನನಗೆ ಅಷ್ಟು ತಾಳ್ಮೆಯಿಲ್ಲ. ಮೂವತ್ತು ವರ್ಷ ಅಮೆರಿಕದ ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಕಂಡವರ ಪಾದ ತೊಳೆದ ಹೆಂಗಸನ್ನು ಕೊನೆಗೂ ಅಜ್ಜನ ಮನೆಯ ಚೀಟಿ ಅಂಟಿಸಿಯೇ ಕಳಿಸಿಕೊಟ್ಟರಲ್ಲ ಎಂದು ಮೈಯೆಲ್ಲ ಉರಿಯಿತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಹೆಸರು ಬರೆಯುವುದಿಲ್ಲ. "ನನ್ನ ಬಗ್ಗೆ ಏನರ ಬರದ್ರ ಹೆಸರು ಹಾಕಬ್ಯಾಡ. ಆ ಸಂಸ್ಥಾನದ ಹೆಸರಂತೂ ಬ್ಯಾಡೇ ಬ್ಯಾಡ, ಅವರಿಗೆ ಪುಕ್ಕಟೆ ಜಾಹೀರಾತಾಗ್ತೈತಿ" ಎಂದು ಒಮ್ಮೆ ಹೇಳಿದ್ದರು. ಉತ್ತರ ಕರ್ನಾಟಕದ ಒಂದು ಪುಟ್ಟ ಸಂಸ್ಥಾನ ಎಂದರೆ ಸಾಕು. ಇಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದೆವು.

ಅವರು ನಮ್ಮ ಮನೆಗೆ ಬಂದದ್ದು ನಮ್ಮ ಅತ್ತೆಯ ಕಾಲಿನ ದೆಸೆಯಿಂದ. ಅತ್ತೆ ಹಾಸನದ ಕಡೆಯವರು, ಹದಿನೈದು ವರ್ಷದಿಂದ ಸ್ಯಾನ್ ರಮೋನಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳಿನ ಕೆಳಗೆ ಒಂದು ಹುಣ್ಣಾಯಿತು, ಅದು ಕಪ್ಪಿಟ್ಟಿತು. ಡಾಕ್ಟರು ಬೆರಳು ತೆಗೆಯಬೇಕಾಗಬಹುದು ಎಂದರು. ಆಗಷ್ಟೇ ರಿಟೈರಾಗಿದ್ದ, ಸಕ್ಕರೆ ಕಾಯಿಲೆಯವರ ಪಾದ ನೋಡುವುದನ್ನೇ ಕಸುಬು ಮಾಡಿಕೊಂಡಿದ್ದ ಕನ್ನಡದ ನರ್ಸೊಬ್ಬರು ಇದ್ದಾರೆ ಎಂದು ಯಾರೋ ನಂಬರು ಕೊಟ್ಟರು.

ಬಾಗಿಲು ತೆಗೆದಾಗ ಅವರು ನನ್ನ ಮುಖ ನೋಡಲಿಲ್ಲ, ಪಾದ ನೋಡಿದರು. "ಚಪ್ಪಲಿ ಒಂದು ಸೈಜ್ ಸಣ್ಣದಾಗೈತಿ ನಿಂದು" ಎಂದು ಒಳಗೆ ಬಂದರು. ಅದೇ ಅವರ ನಮಸ್ಕಾರ. ಹಿರಿಯರು ಎಂದು ನನ್ನ ಮಗಳು ಕಾಲು ಮುಟ್ಟಲು ಬಗ್ಗಿದರೆ ತಟ್ಟನೆ ಪಾದ ಹಿಂದಕ್ಕೆಳೆದುಕೊಂಡು, "ಬಗ್ಗೀದಿ ಹೆಂಗೂ, ನಿಮ್ಮಜ್ಜಿ ಉಗುರು ನೋಡಿ ಮ್ಯಾಲೇಳು" ಎನ್ನುತ್ತಿದ್ದರು. ಸಂಘದ ಸಮಾರಂಭದಲ್ಲಿ ಜನರನ್ನು ಗುರುತಿಸುತ್ತಿದ್ದದ್ದೂ ಹೀಗೆಯೇ. 'ಆ ಎಡಗಾಲು ಎಳಿಯಾಂವ', 'ಆ ಹಿಮ್ಮಡ ಒಡದಾಕಿ'. ಮುಖ ಸುಳ್ಳು ಹೇಳುತ್ತದೆ, ಹಿಮ್ಮಡಿ ಹೇಳುವುದಿಲ್ಲ ಎಂಬುದು ಅವರ ಸಿದ್ಧಾಂತ.

ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು ತರಿಸಿ, ಮೊಣಕೈ ಅದ್ದಿ ನೋಡಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅತ್ತೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ಫಾಸ್ಟರ್ ಸಿಟಿಯಲ್ಲಿ ಔಷಧಿ ಮಾಡುವ ಕಂಪನಿಯಲ್ಲಿ ಕೆಲಸ ನನ್ನದು, ಆದರೆ ನಿಜವಾದ ಹುಣ್ಣು ಕಂಡರೆ ಮುಖ ತಿರುಗಿಸುತ್ತೇನೆ. ಅತ್ತೆಯ ಆ ಕಾಲನ್ನು ನಾನು ಒಂದು ದಿನವೂ ಮುಟ್ಟಿರಲಿಲ್ಲ. ಇದನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ಕೂತಾಗ ಅವರ ಪ್ಯಾಂಟಿನ ಅಂಚು ಮೇಲೆ ಸರಿಯಿತು. ಬಿಳಿ ಕಾಲುಚೀಲದ ಮೇಲೆ ಹಳದಿಯಾಗಿ ಏನೋ ಹೊಳೆಯಿತು. ಎರಡು ಕಾಲಿಗೂ ಚಿನ್ನದ ಕಡಗ, ತೆಳ್ಳಗಿನವು, ತಿರುಪಿನವು. ಅತ್ತೆಯ ಕಣ್ಣು ಅಲ್ಲೇ ನೆಟ್ಟಿತು. ಅವರು ಹೊರಟು ಕಾರು ತಿರುಗಿಸುವುದೇ ತಡ, ಅತ್ತೆ ಶುರು ಮಾಡಿದರು.

"ನೋಡ್ದೇನೇ? ಕಾಲ್ಗೆ ಚಿನ್ನ ಹಾಕ್ಕಂಡವ್ಳೆ! ಲಕ್ಷ್ಮೀನ ಕಾಲಲ್ಲಿ ತುಳ್ದಂಗಲ್ವಾ? ನಮ್ ಕಡೆ ಸತ್ರೂ ಹಾಕಾಕಿಲ್ಲ ಕಣವ್ವ."

ಅತ್ತೆ ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳುವವರಲ್ಲ. ಮೂರನೆಯ ದಿನ ಎದುರಿಗೇ ಕೇಳಿಬಿಟ್ಟರು.

"ಯಾರ್ ಹೇಳುದ್ರು ನಿಮ್ಗೆ, ಕಾಲ್ಗೆ ಚಿನ್ನ ಹಾಕ್ಕೋ ಅಂತ?"

"ಯಾರೂ ಹೇಳಲಿಲ್ರಿ. ಅದಕ್ಕ ಹಾಕ್ಕೊಂಡೀನಿ" ಎಂದರು ಸಿಸ್ಟರ್, ಬೆರಳ ಸಂದಿ ಒರೆಸುತ್ತಲೇ. ಬೆರಳ ಸಂದಿ ಒರೆಸದೆ ಬಿಟ್ಟರೆ ಅದು ಕಾಲು ತೊಳೆದಂತೆಯೇ ಅಲ್ಲ ಎನ್ನುತ್ತಿದ್ದರು. ಮೆತ್ತಗಿನ ಬಟ್ಟೆಯ ತುದಿಯನ್ನು ಬತ್ತಿಯಂತೆ ಹೊಸೆದು ಒಂದೊಂದೇ ಸಂದಿಗೆ ತೂರಿಸಿ ಒರೆಸುವುದು. ಆ ಒರೆಸುವ ಹೊತ್ತಿನಲ್ಲಿ, ವಾರಕ್ಕೆ ಮೂರು ದಿನದಂತೆ ಐದು ತಿಂಗಳು, ಅವರ ಕಥೆ ತುಣುಕು ತುಣುಕಾಗಿ ಹೊರಬಂತು.

ಅವರ ತಾಯಿ ಮಹಾರಾಜರ ತಮ್ಮನ ಮಗಳು. ಆ ಮನೆಯಲ್ಲಿ ಹೆಂಗಸರು ಎಷ್ಟೇ ಸಿರಿವಂತರಿದ್ದರೂ ಕಾಲಿಗೆ ಚಿನ್ನವನ್ನು ತಾವಾಗಿ ಹಾಕಿಕೊಳ್ಳುವಂತಿರಲಿಲ್ಲ. ಅದಕ್ಕೆ ಮಹಾರಾಜರ ಅಪ್ಪಣೆ ಬೇಕು. ದಸರೆಯ ದಿನ ದರ್ಬಾರಿನಲ್ಲಿ ತಮ್ಮ ಮನೆತನದವರಿಗೇ ಅವರು ಮರ್ಯಾದೆಗಳನ್ನು ಕೊಡುತ್ತಿದ್ದರು. ಗಂಡಸರಿಗೆ ಪದಕ, ರುಮಾಲು, ಕತ್ತಿ. ಹೆಂಗಸರಿಗೆ, ಮನಸ್ಸು ಬಂದರೆ, ಕಾಲ್ಕಡಗ. "ಮನೀ ಮಂದಿ ಮನೀ ಮಂದಿಗೇ ಕೊಟ್ಟು, ಮನೀ ಮಂದೀನ ಚಪ್ಪಾಳಿ ಹೊಡೀತಿದ್ರು. ಊರ ಮಂದಿ ಹೊರಗ ಬಿಸಲಾಗ ನಿಂತಿರ್ತಿದ್ರು" ಎಂದು ಸಿಸ್ಟರ್ ನಗುತ್ತಿದ್ದರು. ತಾಯಿಗೆ ಮದುವೆಯ ವರ್ಷ ಆ ಮರ್ಯಾದೆ ಸಿಕ್ಕಿತು. ಎರಡು ಕಡೆ ಸಿಂಹದ ತಲೆಯಿದ್ದ ದಪ್ಪನೆಯ ಜೋಡಿ. ಅವರಿಗೆ ಇಪ್ಪತ್ತಾರು ತುಂಬಿದಾಗ ಗಂಡ ಸತ್ತ. ಕುಂಕುಮ ಹೋಯಿತು, ಬಳೆ ಹೋದವು, ಕಡಗ ಮಾತ್ರ ಉಳಿಯಿತು. ಏಕೆಂದರೆ ಅದು ಗಂಡನಿಂದ ಬಂದದ್ದಲ್ಲ, ದೊಡ್ಡಪ್ಪನ ಅಪ್ಪಣೆಯಿಂದ ಬಂದದ್ದು.

ಆ ತಾಯಿ ಅರಮನೆಯ ಮೂಲೆಯಲ್ಲಿ ಕೂತು ಜಪಮಾಲೆ ಎಣಿಸಲಿಲ್ಲ. ಮಿಷನ್ ಆಸ್ಪತ್ರೆಗೆ ಹೋಗಿ ನರ್ಸಿಂಗ್ ಕಲಿಯಲು ಸೇರಿಕೊಂಡರು. ವಾರ ತುಂಬುವುದರೊಳಗೆ ಅರಮನೆಯ ಕಾರಭಾರಿ ಬೆಳ್ಳಿ ತಟ್ಟೆಗೆ ಕೆಂಪು ಬಟ್ಟೆ ಹೊದಿಸಿಕೊಂಡು ಬಂದ. ಸಂಸ್ಥಾನ ದೇಶದಲ್ಲಿ ಸೇರಿಹೋಗಿ ಆಗಲೇ ಕೆಲವು ವರ್ಷವಾಗಿತ್ತು. ರಾಜ್ಯ ಹೋದರೂ ಮನೆಯವರ ಮೇಲಿನ ಅಪ್ಪಣೆ ಹೋಗಿರಲಿಲ್ಲ.

"ಮಂದಿ ಕಾಲು ಹಿಡಿಯೋರಿಗೆ ಈ ಮರ್ಯಾದಿ ಒಪ್ಪಂಗಿಲ್ಲ ಅಂತ ಮಹಾರಾಜರ ಅಪ್ಪಣಿ ಆಗೈತಿ" ಎಂದನಂತೆ.

ತಾಯಿ ಮೆಟ್ಟಿಲ ಮೇಲೆ ಕೂತರು. ಕಾಲು ಬಾತು ತಿರುಪು ಸುತ್ತಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ, ಎಂಟು ವರ್ಷದ ಸಿಸ್ಟರ್ ಎರಡೂ ಕೈಯಿಂದ ಹಿಡಿದು ಎಳೆದರು. ಕಾಲಿನ ಹರಡಿನ ಗಂಟಿನ ಚರ್ಮ ಸುಲಿಯಿತು. ಕಾರಭಾರಿ ನಿಂತೇ ಇದ್ದ, ಬಗ್ಗಲಿಲ್ಲ. ತಟ್ಟೆಯನ್ನು ಮಾತ್ರ ಮುಂದೆ ಚಾಚಿದ. ತಾಯಿ ಕಡಗಗಳನ್ನು ಅದರಲ್ಲಿಟ್ಟು, "ಜೋಪಾನ ಒಯ್ರಿ, ಮೆಟ್ಟಲ ಅದಾವ" ಎಂದರಂತೆ. "ನಾಳೆ ನಿಮ್ಮ ಕಾಲಿಗೆ ಹುಣ್ಣಾದ್ರ ದವಾಖಾನಿಗೆ ಬರ್ರಿ. ನಾ ನೋಡ್ತೀನಿ."

"ಬಂದ್ನಾ ಅವ್ನು?" ಎಂದು ಅತ್ತೆ ಕೇಳಿದರು. ಕಥೆಯೊಳಗೆ ಪೂರ್ತಿ ಇಳಿದಿದ್ದರು.

"ಬಂದ. ಹನ್ನೊಂದು ವರ್ಷ ಆದಮ್ಯಾಲೆ. ಅವ್ವಾನ ಅವನ ಹುಣ್ಣಿಗೆ ಕಟ್ಟು ಕಟ್ಟಿದ್ಲು."

ಸಿಸ್ಟರ್ ತಾಯಿಯ ಕಸುಬನ್ನೇ ಕಲಿತರು. ಮದುವೆಯಾಗಿ ಇಲ್ಲಿಗೆ ಬಂದರು. ಗಂಡ ಓಕ್ಲ್ಯಾಂಡ್ ಬಂದರಿನಲ್ಲಿ ಕಂಟೇನರ್ ಎತ್ತುವ ಕ್ರೇನುಗಳ ಮೆಕ್ಯಾನಿಕ್ ಆಗಿದ್ದವರು, ನಾನು ಅವರನ್ನು ನೋಡಿಲ್ಲ. ಮಕ್ಕಳಿರಲಿಲ್ಲ. ಮೊದಲ ಸಂಬಳ ಬಂದ ದಿನ ಸಿಸ್ಟರ್ ಒಬ್ಬರೇ ಅಂಗಡಿಗೆ ಹೋಗಿ, ಕೈಗೆ ಹಾಕುವ ಬಳೆ ತೋರಿಸಿದವನಿಗೆ ಕಾಲಿಗೆ ಬೇಕು ಎಂದು ಹೇಳಿ, ಈ ಕಡಗ ಮಾಡಿಸಿಕೊಂಡರು. ಕಾಲುಚೀಲದ ಮೇಲೆ ಅದನ್ನು ಹಾಕಿಕೊಂಡೇ ಮೂವತ್ತು ವರ್ಷ ಕೆಲಸ ಮಾಡಿದರು. ಬೀದಿಯಲ್ಲಿ ಮಲಗುವವರ ಪಾದ, ಟ್ರಕ್ಕು ಓಡಿಸುವವರ ಪಾದ, ಯಾವ ಭಾಷೆಯೂ ತಿಳಿಯದ ಮುದುಕಿಯರ ಪಾದ.

ಅತ್ತೆಯ ಬೆರಳು ಉಳಿಯಿತು. ಡಾಕ್ಟರೇ ಬೆರಗಾದರು. ಅಷ್ಟಾದರೂ ಅತ್ತೆ, "ಆ ಯಮ್ಮ ದೇವ್ರಂಥೋಳು, ಆದ್ರೂ ಕಾಲ್ಗೆ ಚಿನ್ನ ತಪ್ಪು ಕಣೇ" ಎನ್ನುವುದನ್ನು ಬಿಡಲಿಲ್ಲ. ಇಬ್ಬರೂ ಪ್ರತಿ ಗುರುವಾರ ಒಟ್ಟಿಗೆ ಕಾಫಿ ಕುಡಿಯುವುದು, ಈ ವಿಷಯಕ್ಕೆ ಜಗಳವಾಡುವುದು ರೂಢಿಯಾಯಿತು.

ಇನ್ನು ನಾನು ಮಾಡಿದ ತಪ್ಪು ಹೇಳುತ್ತೇನೆ.

ಆ ಮಹಾರಾಜರ ಮರಿಮಗ ಈಗ ಅಲ್ಲಿನ 'ಮಹಾರಾಜ'. ಅರಮನೆ ಹೋಟೆಲಾಗಿದೆ. ಆತ ಅಮೆರಿಕ ಪ್ರವಾಸಕ್ಕೆ ಬರುವವನಿದ್ದ, ನಮ್ಮ ಸಂಘದವರು ರಾಜ್ಯೋತ್ಸವಕ್ಕೆ ಅವನನ್ನೇ ಮುಖ್ಯ ಅತಿಥಿ ಮಾಡಿದರು. ನಾನು ಸಮಿತಿಯಲ್ಲಿದ್ದೆ. ಕಥೆಯೆಲ್ಲ ಗೊತ್ತಿದ್ದ ನಾನು, ಸಿಸ್ಟರನ್ನು ಒಂದು ಮಾತೂ ಕೇಳದೆ, ಅರಮನೆಯ ಆಫೀಸಿಗೆ ಇಮೇಲ್ ಬರೆದೆ. ನಿಮ್ಮ ಮನೆಯ ಮಗಳೊಬ್ಬರು ಇಲ್ಲಿದ್ದಾರೆ, ಅವರ ತಾಯಿಯ ಕಡಗ ಹೀಗೆ ಹೀಗೆ ಹೋಯಿತು, ಹಿಂದಿರುಗಿಸಿದರೆ ದೊಡ್ಡ ಸಂಗತಿಯಾಗುತ್ತದೆ ಎಂದು. ನಮ್ಮಂಥವರಿಗೆ ಇದೊಂದು ರೋಗ. ಯಾರ ನೋವು ಕಂಡರೂ ಒಂದು ಸ್ಟೇಜು, ಒಂದು ಮೈಕು, ಒಂದು ಹಾರ ಹುಡುಕುತ್ತೇವೆ.

ಉತ್ತರ ಬಂದೇ ಬಂತು. ಅರಮನೆಯ ಕಾರ್ಯದರ್ಶಿ ಬರೆದಿದ್ದರು: ಹೊರದೇಶದಲ್ಲಿರುವ ರಾಜಮನೆತನದ ಸದಸ್ಯರಿಗೆ ಮಹಾರಾಜರು ಆ ದಿನ ಮರ್ಯಾದೆಗಳನ್ನು ಪ್ರದಾನ ಮಾಡುವವರಿದ್ದಾರೆ, ಹಿಂಪಡೆಯಲಾಗಿದ್ದ ಕಾಲ್ಕಡಗದ ಮರ್ಯಾದೆಯನ್ನೂ ಕೃಪೆಯಿಂದ ಮರಳಿ ದಯಪಾಲಿಸಲಾಗುವುದು. ಪ್ರಿಂಟು ತೆಗೆದು ಹಿಡಿದುಕೊಂಡು ಸಿಸ್ಟರ್ ಮನೆಗೆ ಓಡಿದೆ. ಹಬ್ಬದ ಸಿಹಿ ಒಯ್ಯುವವಳ ಸಂಭ್ರಮ ನನಗೆ.

ಅವರು ಓದಿದರು. ಕಾಗದ ಮಡಿಸಿದರು.

"ಯಾರನ್ನ ಕೇಳಿ ಬರದಿ?"

ಏನೋ ತೊದಲಿದೆ. ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ ಕೇಳಿದ ದನಿ ಬೇರೆಯೇ ಆಗಿತ್ತು.

"ಅದ ಜೋಡೀನ ತರ್ತಾರಂತೇನು? ಅವ್ವಂದು? ಸಿಂಹದ ತಲೀದು?"

"ಹೌದು ಸಿಸ್ಟರ್. ಅದೇ ಜೋಡಿ, ಅರಮನೆಯಲ್ಲೇ ಇದೆಯಂತೆ."

ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದರು. ಅವರಿಗೆ ಅದು ಬೇಕಾಗಿತ್ತು. ಚಿನ್ನವಲ್ಲ, ತಾವೇ ಎಂಟು ವರ್ಷದವರಾಗಿದ್ದಾಗ ತಾಯಿಯ ಕಾಲಿನಿಂದ ಎಳೆದು ತೆಗೆದ ಆ ಜೋಡಿಯೇ ಬೇಕಾಗಿತ್ತು. ಆದರೆ 'ಕೃಪೆಯಿಂದ' ಎಂಬ ಮಾತಿಗೆ ತಲೆಬಾಗಿದರೆ, ಅಂದು ತೆಗೆದುಕೊಂಡದ್ದೂ ಸರಿಯೆಂದು ಒಪ್ಪಿದಂತೆ. ತಾಯಿ ಬದುಕಿಡೀ ಒಪ್ಪದ್ದನ್ನು ಮಗಳು ಒಪ್ಪಬೇಕು.

"ಬರಿ ಅವರಿಗೆ" ಎಂದರು. "ಕೃಪಾ ಗಿಪಾ ತಗೀರಿ. ತಗೊಂಡಿದ್ದು ತಪ್ಪಾತು ಅಂತ ಒಂದ ಸಾಲು ಹಾಕ್ರಿ, ಬರ್ತೀನಿ ಅಂತ ಬರಿ."

ಬರೆದೆ. ಮರ್ಯಾದೆಯನ್ನು ದಯಪಾಲಿಸುವ ಪದ್ಧತಿಯಿದೆ, ವಿವರಣೆ ಕೊಡುವ ಪದ್ಧತಿಯಿಲ್ಲ ಎಂದು ಉತ್ತರ ಬಂತು. ಸಿಸ್ಟರ್ ಅದನ್ನು ಎರಡು ಸಲ ಓದಿಸಿ, "ಆತು. ನಾ ಬರ್ತೀನಿ. ಸ್ಟೇಜಿನ ಮ್ಯಾಲೆ ನನಗೊಂದು ಕುರ್ಚಿ ಹಾಕಸು" ಎಂದರು. ಮೊಣಕಾಲು ನೋವಿರಬೇಕು ಎಂದುಕೊಂಡು ಹಾಕಿಸಿದೆ.

ಒಂದು ಶಾಲೆಯ ಆಡಿಟೋರಿಯಂ. ನಾನೂರು ಜನ, ಮುಂದಿನ ಸಾಲಿನಲ್ಲಿ ಅತ್ತೆ. ಮೊದಲು ಮಹಾರಾಜರ ಸೋದರಸಂಬಂಧಿಗಳು ಮೂವರು ಒಬ್ಬೊಬ್ಬರಾಗಿ ಬಂದು, ಬಗ್ಗಿ, ಮೂರು ಸಲ ಹಣೆಗೆ ಕೈ ತಾಗಿಸಿ ಮುಜುರೆ ಮಾಡಿ, ರುಮಾಲು ಪದಕ ಪಡೆದು ಹೋದರು. ಜನ ಚಪ್ಪಾಳೆ ತಟ್ಟಿದರು. ಸಿಸ್ಟರ್ ಹೇಳಿದ್ದಂತೆಯೇ ಇತ್ತು. ಇಲ್ಲಿ ಹೊರಗೆ ಬಿಸಿಲು ಮಾತ್ರ ಇರಲಿಲ್ಲ, ಎಸಿ ಇತ್ತು.

ಆಮೇಲೆ ಅವರನ್ನು ಕರೆದರು. ಇಳಕಲ್ ಸೀರೆ ಉಟ್ಟು ಬಂದಿದ್ದರು, ಹರಡು ಕಾಣುವಷ್ಟು ಮೇಲಕ್ಕೆ. ತಮ್ಮ ತೆಳ್ಳಗಿನ ಕಡಗ ಕಾಲಲ್ಲೇ ಇದ್ದವು. ಮಹಾರಾಜ ಬೆಳ್ಳಿ ತಟ್ಟೆ ಹಿಡಿದು ನಿಂತ. ಕೆಂಪು ಬಟ್ಟೆ ಸರಿಸಿದಾಗ ಸಿಂಹದ ತಲೆಗಳು ನನಗೂ ಕಂಡವು. ಸಿಸ್ಟರ್ ಒಂದು ಕ್ಷಣ ಅದನ್ನೇ ನೋಡಿದರು. ಮುಜುರೆ ಮಾಡಲಿಲ್ಲ. ಕುರ್ಚಿಯ ಮೇಲೆ ಕೂತರು. ಚಪ್ಪಲಿ ಕಳಚಿದರು. ಬಲಗಾಲನ್ನು ಮುಂದಕ್ಕೆ ಚಾಚಿದರು.

"ತೊಡಸ್ರಿ" ಎಂದರು.

ಮೈಕು ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು. ಆತ ಗಲಿಬಿಲಿಗೊಂಡು ಕಾರ್ಯದರ್ಶಿಯ ಕಡೆ ನೋಡಿದ. ಸಿಸ್ಟರ್ ಸಿಟ್ಟಾಗಲಿಲ್ಲ. ಇಂಜೆಕ್ಷನ್ನಿಗೆ ಹೆದರಿದವರಿಗೆ ಹೇಳುವ ದನಿಯಲ್ಲಿ ಹೇಳಿದರು.

"ಅವತ್ತ ನಮ್ಮವ್ವನ ಕಾಲಿಂದ ಬಿಚ್ಚಿಸ್ಕೊಂಡು ಹೋದ್ರಿ. ಇವತ್ತ ತೊಡಿಸಿ ಹೋಗ್ರಿ. ಬಗ್ಗೂದು ಕಷ್ಟ ಇಲ್ಲಪ್ಪಾ, ನಾ ಮೂವತ್ತು ವರ್ಷ ಬಗ್ಗೀನಿ. ಬರಲಿಲ್ಲಂದ್ರ ಹೇಳಿಕೊಡ್ತೀನಿ."

ಆ ಯುವಕನ ಮೊಣಕಾಲು ಒಂದಿಷ್ಟು ಬಗ್ಗಿತು ಎಂದು ನಾನು ಈಗಲೂ ಆಣೆ ಮಾಡಿ ಹೇಳುತ್ತೇನೆ. ಅಷ್ಟರಲ್ಲಿ ಕಾರ್ಯದರ್ಶಿ ಕಿವಿಯಲ್ಲಿ ಏನೋ ಹೇಳಿದರು. ಮೊಣಕಾಲು ನೆಟ್ಟಗಾಯಿತು. ಸಿಸ್ಟರ್ ಇನ್ನೂ ಸ್ವಲ್ಪ ಹೊತ್ತು ಕಾಲು ಚಾಚಿಕೊಂಡೇ ಕಾದರು. ಆಮೇಲೆ ನಿಧಾನವಾಗಿ ಚಪ್ಪಲಿ ಮೆಟ್ಟಿಕೊಂಡು ಎದ್ದರು.

"ಆತು ಬಿಡ್ರಿ. ಜೋಪಾನ ಒಯ್ರಿ, ಮೆಟ್ಟಲ ಅದಾವ."

ನಾನೂರು ಜನರಲ್ಲಿ ಒಬ್ಬರೇ ಚಪ್ಪಾಳೆ ತಟ್ಟಿದರು. ಅದು ನಮ್ಮ ಅತ್ತೆ.

ಮನೆಗೆ ಬಿಡಲು ಕರೆದುಕೊಂಡು ಹೋಗುವಾಗ ಕಾರು ಫ್ರೀವೇ ಹತ್ತಿತು. ಆಮೇಲೆ ಸಿಸ್ಟರ್ ಅತ್ತರು. ದನಿ ತೆಗೆದು, ಸಣ್ಣ ಮಗುವಿನ ಹಾಗೆ ಅತ್ತರು. "ಒಮ್ಮೆರ ಮುಟ್ಟಬೇಕಿತ್ತು ಅದನ್ನ" ಎಂದರು. ನಾನು ಸ್ಟಿಯರಿಂಗ್ ಹಿಡಿದುಕೊಂಡೇ, ತಪ್ಪಾಯಿತು, ನಾನು ಬರೆಯಬಾರದಿತ್ತು ಎಂದೆ.

"ನೀ ಮಾಡಿದ್ದು ತಪ್ಪ. ಆಗಿದ್ದು ಚಲೋ ಆತು. ಎರಡೂ ಖರೆ" ಎಂದರು, ಸೆರಗಿನಿಂದ ಮೂಗೊರೆಸಿಕೊಂಡು.

ನಮ್ಮವರು ಸುಮ್ಮನಿರುತ್ತಾರೆಯೇ? ಮುದುಕಿಗೆ ಎಷ್ಟು ಕೊಬ್ಬು, ಬಂದ ಅತಿಥಿಗೆ ಅವಮಾನ ಮಾಡಿದಳು, ಅಮೆರಿಕದಲ್ಲಿ ಕರ್ನಾಟಕದ ಮಾನ ಕಳೆದಳು ಎಂದು ತಿಂಗಳುಗಟ್ಟಲೆ ಆಡಿಕೊಂಡರು. ನನ್ನನ್ನು ಸಮಿತಿಯಿಂದ ಕೈಬಿಟ್ಟರು. ಕೆಲವರು ಸಿಸ್ಟರನ್ನು ಮನೆಗೆ ಕರೆಯುವುದನ್ನೇ ನಿಲ್ಲಿಸಿದರು. ನನಗೆ ಸಂಕಟವಾಗಿ ಹೇಳಿದರೆ ಅವರು, "ಉಗುರು ಬೆಳದ್ರ ಬರ್ತಾರ ಬಿಡು" ಎಂದರು. ಬಂದರು ಕೂಡ, ಒಬ್ಬೊಬ್ಬರಾಗಿ. ಯಾರಿಗೂ ಇಲ್ಲವೆನ್ನಲಿಲ್ಲ. ಈ ಶ್ರದ್ಧಾಂಜಲಿ ಬರೆದವನ ಕಾಲಿನ ಆಣಿಯನ್ನೂ ಅವರೇ ತೆಗೆದದ್ದು.

ಈ ವರ್ಷ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿದಾಗ ಅದು ಆಗಲೇ ಹರಡಿತ್ತು. ಮನೆಯಲ್ಲೇ ಮಲಗಿದ್ದರು. ಒಂದು ಮಧ್ಯಾಹ್ನ ನಾನು ಹೋದಾಗ ಅವರ ಪಾದ ಬರಿದಾಗಿದ್ದವು. ಹರಡಿನ ಸುತ್ತ ಬಿಳಿಚಿದ ಗೆರೆಯೊಂದೇ ಇತ್ತು. ನಾನು ಬೆಚ್ಚಿ ಕಡಗ ಎಲ್ಲಿ ಎಂದೆ.

"ಸುಡೂಮುಂದ ಲೋಹ ಇರಬಾರ್ದಂತ ಇಲ್ಲೆ. ಯಾರರ ಬಂದು ಬಿಚ್ಚತಾರ. ನನ್ನ ಕಾಲಿಂದ ಯಾರೂ ಬಿಚ್ಚಬಾರ್ದು. ಅದಕ್ಕ ನಾನ ಬಿಚ್ಚೀನಿ" ಎಂದರು. ತಿರುಪು ಸಡಿಲಿಸಲು ಒಂದು ಗಂಟೆ ಹಿಡಿಯಿತಂತೆ. ಮಂಚದ ಪಕ್ಕ ಕೈಗವಸಿನ ಹಳೆಯ ಡಬ್ಬಿಯಿತ್ತು, ಅದರೊಳಗೆ ಕಡಗದ ಜೋಡಿ. "ಇದನ್ನ ನಿಮ್ಮತ್ತೀಗೆ ಕೊಡು. ಬ್ಯಾಡ ಅಂತಾಳ, ಜಗಳ ತಗೀತಾಳ. ತಗೀಲಿ. ಆ ಬೆರಳ ಉಳಿಸಿದ್ದು ನಾನೊಬ್ಬಾಕೆನ ಅಲ್ಲ. ಐದು ತಿಂಗಳು ಕಾಲು ಊರದ ಕೂತಾಕಿ ಅಕಿ. ಅಪ್ಪಣಿ ಗಿಪ್ಪಣಿ ಏನಿಲ್ಲ ಅಂತ ಹೇಳು. ಮನಸ್ಸಿದ್ರ ಹಾಕ್ಕೊಳ್ಳಲಿ."

ಅದಾದ ಹನ್ನೆರಡನೆಯ ದಿನ ಅವರು ಹೋದರು.

ಡಬ್ಬಿಯನ್ನು ಅತ್ತೆಯ ಮುಂದಿಟ್ಟು, ಹೇಳಬೇಕಾದದ್ದನ್ನು ಹೇಳಿದೆ. ಜಗಳಕ್ಕೆ ಸಿದ್ಧಳಾಗಿಯೇ ಇದ್ದೆ. ಅತ್ತೆ ಕಡಗಗಳನ್ನು ಮಡಿಲಲ್ಲಿಟ್ಟುಕೊಂಡು ತುಂಬ ಹೊತ್ತು ಸವರಿದರು. ಆಮೇಲೆ ಸೀರೆಯನ್ನು ಹರಡಿನ ಮೇಲಕ್ಕೆ ಸರಿಸಿ, ಬಲಗಾಲನ್ನು, ಆ ಉಳಿದ ಬೆರಳಿನ ಕಾಲನ್ನು, ನನ್ನ ಮುಂದೆ ಚಾಚಿದರು.

"ಹಾಕು. ನಂಗೆ ಬಗ್ಗಾಕಾಗಲ್ಲ."

ನಾನು ಬೇಸಿನ್ ತಂದೆ. ನೀರಿಗೆ ಮೊಣಕೈ ಅದ್ದಿ ನೋಡಿದೆ. ನೆಲದ ಮೇಲೆ ಕೂತು ಅತ್ತೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡೆ, ಮೊದಲ ಸಲ. ತೊಳೆದೆ. ಬಟ್ಟೆಯ ತುದಿ ಹೊಸೆದು ಒಂದೊಂದೇ ಸಂದಿ ಒರೆಸಿದೆ. ಹುಣ್ಣಿನ ಕಲೆ ಒಂದು ರೂಪಾಯಿಯಗಲ ಇದೆ, ನುಣ್ಣಗಿದೆ. ಅಷ್ಟು ವರ್ಷ ನಾನು ಅದನ್ನು ನೋಡಿಯೇ ಇರಲಿಲ್ಲ.

"ಅತ್ತೆ, ಲಕ್ಷ್ಮಿಗೆ ಕೋಪ ಬರಲ್ವಾ?" ಎಂದೆ. ಅಳು ಬರುತ್ತಿತ್ತು, ತಮಾಷೆ ಮಾಡಿ ತಡೆದುಕೊಂಡೆ.

"ಪಟದಲ್ಲಿ ನೋಡಿಲ್ವೇನೇ ನೀನು? ಲಕ್ಷ್ಮಿ ಕಾಲ್ಗೂ ಚಿನ್ನನೇ ಹಾಕವ್ರೆ. ಅವ್ಳಿಗ್ಯಾರು ಕೊಟ್ರು ಅಪ್ಣೆ?" ಎಂದರು ಅತ್ತೆ. "ತಿರುಪು ಬಿಗಿಯಾಗಿ ತಿರುಗ್ಸು. ಯಾರ್ ಕೈಗೂ ಬಿಚ್ಚಾಕೆ ಬರ್ಬಾರ್ದು."